ಹೊಲಿಗೆಗೆ ಬಿಟ್ಟ ಜಾಗ

ರಕ್ತದ ರಿಪೋರ್ಟು ಬರುತ್ತಿತ್ತು, ಎದೆಯ ಚಿತ್ರ ಬರುತ್ತಿರಲಿಲ್ಲ.
ಸಕ್ಕರೆ ಎಷ್ಟು, ಉಪ್ಪು ಎಷ್ಟು, ಒಂದೊಂದೇ ಸಾಲು
ಕಣ್ಣು ಮಿಟುಕಿಸುವಷ್ಟರಲ್ಲಿ ವಾರ್ಡಿಗೆ.
ಎಕ್ಸ್‌ರೇ ಮಾತ್ರ ಪರದೆಯ ಮೇಲೆ ಗಾಲಿಯಾಗಿ ಸುತ್ತುತ್ತ
ಸುತ್ತುತ್ತ, ಡಾಕ್ಟರ ಚಹಾ ಆರುವವರೆಗೂ.

ಹದಿನೇಳು ದಿನ. ಲೈನು ಸಾಲದು ಎಂದರು ಆಡಳಿತದವರು,
ದಪ್ಪನೆಯದು ಎಳೆಸಿದರು ಪಿ.ಜೆ. ಬಡಾವಣೆಯ ಕಂಬಗಳ ಮೇಲೆ.
ಅದರಲ್ಲೂ ಅದೇ ಗಾಲಿ.
ಎಕ್ಸ್‌ರೇ ಕೋಣೆಯ ಫಕ್ಕೀರಮ್ಮ ಫಿಲಂ ಹಿಡಿದು
ಮೂರು ಮಹಡಿ ಹತ್ತಿದಳು, ನಮ್ಮ ಕಡೆ ನೋಡದೆ.

ರಾತ್ರಿ ಎರಡೂವರೆ. ನಾನು, ಕೊಟ್ರಬಸಪ್ಪ, ಕಪ್ಪು ಪರದೆ.
ಕಂಟೇನರ್ ಎಂದರೆ ಬಾಡಿಗೆ ಕೋಣೆ ಅಷ್ಟೇ,
ಒಂದೇ ಯಂತ್ರದೊಳಗೆ ನಲವತ್ತು, ಒಂದರ ಮುಖ ಒಂದಕ್ಕೆ ಗೊತ್ತಿಲ್ಲ.
ಪಕ್ಕದ ಯಂತ್ರಕ್ಕೆ ಮಾತು ಕಳಿಸಬೇಕಾದರೆ
ಲಕೋಟೆಯ ಮೇಲೊಂದು ಲಕೋಟೆ,
ಹೊರಗಿನದಕ್ಕೆ ಐವತ್ತು ಬೈಟು ಬೇಕು.
ಒಳಗಿನದು ಹಾದಿಯ ಅಗಲಕ್ಕೇ ತುಂಬಿಕೊಂಡು ಹೊರಟಿತ್ತು,
ಸಾವಿರದೈನೂರು, ಒಂದು ಕಾಳೂ ಕಮ್ಮಿಯಿಲ್ಲ,
ಹಣೆಯ ಮೇಲೆ ಬರೆದುಕೊಂಡು: ನನ್ನನ್ನು ಒಡೆಯಬೇಡಿ.

ಯಾರಾದರೂ ಹೇಳಬೇಕಿತ್ತಲ್ಲ, ನೀನು ದೊಡ್ಡದಾದೆ ಎಂದು?
ಹೇಳಿತ್ತು. ನಡುದಾರಿಯ ರೂಟರು ಪ್ರತಿ ಸಲವೂ
ಒಂದು ಪುಟ್ಟ ಚೀಟಿ ಹಿಂದಕ್ಕೆ ಕಳಿಸಿತ್ತು.
ಚೀಟಿಯನ್ನು ಬಾಗಿಲಲ್ಲೇ ತಡೆದದ್ದು ಫೈರ್‌ವಾಲು.
ಫೈರ್‌ವಾಲಿಗೆ ಆ ನಿಯಮ ಬರೆದದ್ದು...
ಕೊಟ್ರಬಸಪ್ಪ ತಾರೀಕು ಓದಿದ, ಹೆಸರು ಓದಲಿಲ್ಲ.
ಹೆಸರು ನನ್ನದು. ಶ್ರಾವಣದ ಮೊದಲ ಸೋಮವಾರ,
ಭದ್ರತೆಗೆಂದು, ಊಟಕ್ಕೆ ಮೊದಲು, ಅವಸರದಲ್ಲಿ.

ಸಾವಿರದ ನಾನೂರ ಐವತ್ತು ಎಂದು ತಿದ್ದಿದೆ.
ಬಾಗಿಲಲ್ಲಿ ಚೀಟಿಗಷ್ಟು ದಾರಿ ಬಿಟ್ಟೆ.
ಗಾಲಿ ನಿಂತಿತು. ಯಾರದೋ ಪಕ್ಕೆಲುಬುಗಳು
ಬೆಳ್ಳಗೆ, ಒಂದೇ ಏಟಿಗೆ, ಪರದೆಯ ತುಂಬ.

ನಸುಕಿಗೆ ಭಟ್ಟಿಗಳ ಕಡೆ ನಡೆದೆವು.
ಮಿರ್ಚಿ ಇನ್ನೂ ಎಣ್ಣೆಗೆ ಬಿದ್ದಿರಲಿಲ್ಲ, ಮರಳು ಕಾದಿತ್ತು.
ಬುಡೇನ್‌ಸಾಬರು ಮಂಡಕ್ಕಿ ಚೀಲ ತುಂಬುತ್ತಿದ್ದರು,
ನನ್ನೆದೆಯುದ್ದದ ಚೀಲ, ಮೇಲೊಂದು ಗೇಣು ಖಾಲಿ.
ಯಾಕೆ ಎಂದ ಕೊಟ್ರಬಸಪ್ಪ.
"ಬಾಯಿಮಟ ತುಂಬಿದ್ರೆ ಹೊಲಿಯೋದು ಎಲ್ಲಿ?"
ಅವನು ನಗುತ್ತ ನನ್ನ ಕಡೆ ತಿರುಗಿದ.

ನನಗೆ ನಗು ಬರಲಿಲ್ಲ. ಮೂರನೇ ದಿನವೇ ಫಕ್ಕೀರಮ್ಮ ಹೇಳಿದ್ದಳು,
"ಸಣ್ಣವು ಹೋಗ್ತಾವೆ ಮೇಡಂ, ದೊಡ್ಡವಷ್ಟೇ ನಿಲ್ತಾವೆ."
ಲೈನಿನ ತಪ್ಪು ಎಂದು ಬರೆದು
ಆ ದೂರು ಮುಚ್ಚಿದ್ದೂ ನಾನೇ.

ಎಂಟಕ್ಕೆ ಅವಳ ಪಾಳಿ.
ಎರಡು ಪೊಟ್ಟಣ ಕಟ್ಟಿಸಿದೆ, ಖಾರ ಜಾಸ್ತಿ.