ಅಜ್ಜಿಯ ದಾರದ ಗಂಟುಗಳು

ನರೀನ್ ಹೊಳೆಯ ಅಳತೆಗೋಲು ಓದುವುದು ನನ್ನ ಕೆಲಸ.
ಬೆಳಿಗ್ಗೆ ಎಂಟಕ್ಕೊಮ್ಮೆ, ರಾತ್ರಿ ಎಂಟಕ್ಕೊಮ್ಮೆ.
ಬಿಳಿ ಹಲಗೆ, ಕಪ್ಪು ಗೀಟು, ನೋಟುಬುಕ್ಕಿನಲ್ಲಿ ಒಂದು ಅಂಕಿ.
ಫೆಬ್ರವರಿಯ ಒಂದು ದಿನ
ಹಿಮ ಒರೆಸಿ ಗೀಟು ನೋಡಲು ಬಗ್ಗಿದೆ.
ತಲೆಯೊಳಗೆ ಏನೋ ಭಾರ ಮುಂದಕ್ಕೆ ಜರುಗಿತು.
ತುಂಬಿದ ಕೊಡ ತುಳುಕುವುದಿಲ್ಲ ಎಂಬುದು
ಕೊಡವನ್ನು ಎಂದೂ ಬಗ್ಗಿಸದವರು ಕಟ್ಟಿದ ಗಾದೆ.

ಅಂದಿನಿಂದ ನಾನು ಏಳುವ ಮೊದಲೇ
ನೋವು ಎದ್ದು ಕೂತಿರುತ್ತಿತ್ತು.
ಚಹಾದ ಹೊತ್ತಿಗೆ ಅರ್ಧ ಇಳಿದು,
ಕೆಮ್ಮಿದರೆ ಮತ್ತೆ ಅಷ್ಟೂ ಏರಿ.
ಒಲೆಯ ಕಲ್ಲಿದ್ದಲ ಹೊಗೆ, ಅಂದಳು ಪಕ್ಕದ ಮನೆಯ ಜುಮಾಗುಲ್.
ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ, ಅಂದರು ಕಚೇರಿಯವರು.
ತಲೆ ದೊಡ್ಡದಿದ್ದರೆ ನೋವೂ ದೊಡ್ಡದೇ,
ಅಂತ ನಕ್ಕ ಅಣ್ಣ ತಾಯಿರ್‌ಬೆಕ್.
ಮೂರನೆಯ ವಾರ ವಾಂತಿಯಾದಾಗ ಅವನೇ
ಬಿಷ್ಕೆಕ್ ಮಿನಿಬಸ್ಸಿಗೆ ಹತ್ತಿಸಿದ.

ಯಂತ್ರದೊಳಗೆ ಅರ್ಧ ಗಂಟೆ,
ಯಾರೋ ತಗಡು ಬಡಿಯುತ್ತಲೇ ಇದ್ದರು.
ಪರದೆಯ ಮೇಲೆ ನನ್ನ ತಲೆ:
ನಡುವೆ ಎರಡು ಕೊಳ, ದಡ ಒತ್ತರಿಸಿಕೊಂಡು ಅಗಲವಾದವು.
ಅಲ್ಲಿಂದ ಕೆಳಗಿಳಿಯುವ ಕಾಲುವೆ ಕೂದಲೆಳೆಗಿಂತ ಸಣ್ಣ.
ಡಾಕ್ಟರ್ ಚಿನಾರಾ ಪೆನ್ನಿನ ತುದಿಯಿಂದ ತೋರಿಸಿದರು:
'ಇದು ಈಚೆಗೆ ಹಿಗ್ಗಿದ್ದೋ, ಹುಟ್ಟಿನಿಂದ ಹೀಗೆಯೋ?
ಹಳೆಯ ಚಿತ್ರ ಇದೆಯಾ, ಎರ್ಮೆಕ್?'

ಇಲ್ಲ.
ಒಂದೇ ಓದಿನಿಂದ ಪ್ರವಾಹ ಗೊತ್ತಾಗುವುದಿಲ್ಲ,
ಅಷ್ಟು ನನಗೂ ಗೊತ್ತು.

ಅಮ್ಮನಿಗೆ ಫೋನು ಮಾಡಿದೆ.
ಮರುದಿನ ಚಾಲಕನೊಬ್ಬ ತಂದುಕೊಟ್ಟ ಪೊಟ್ಟಣದಲ್ಲಿ
ಅಜ್ಜಿ ಬುರ್ಮಾಕಾನಳ ಉಣ್ಣೆಯ ದಾರ.
ಪ್ರತಿ ನೂರುಜ್ ಹಬ್ಬಕ್ಕೆ ನನಗೊಂದು ಕಲ್ಪಾಕ್ ಟೋಪಿ ಹೊಲಿಯುತ್ತಿದ್ದಳು,
ದಾರವನ್ನು ತಲೆಗೆ ಸುತ್ತಿ, ಗಂಟು ಹಾಕಿ,
'ಈ ಕೂಸಿಗೆ ಒಂದೂವರೆ ಟೋಪಿಯ ಬಟ್ಟೆ' ಎಂದು ಗೊಣಗುತ್ತ.
ಡಾಕ್ಟರು ದಾರವನ್ನು ಸ್ಟೀಲು ಪಟ್ಟಿಯ ಮೇಲೆ ಎಳೆದು ಹಿಡಿದರು.
ಒಂದನೆಯ ವರ್ಷ, ಐವತ್ತೊಂದು.
ಎರಡನೆಯದು, ಐವತ್ಮೂರೂವರೆ.
ಪ್ರತಿ ಗಂಟೂ ಅವರ ಚಾರ್ಟಿನ ಮೇಲುಗೆರೆಯಾಚೆ.
ಆಗಷ್ಟೇ ಬಂದ ಹುಡುಗ ಡಾಕ್ಟರೊಬ್ಬ
ಆ ದಾರವನ್ನು ಫೋಟೋ ತೆಗೆದುಕೊಂಡ.

'ಹಾಗಾದರೆ ನೀರು ಹಳೆಯದು' ಅಂದರು.
'ನೋವು ಹೊಸದು' ಅಂದೆ.
ಇಬ್ಬರೂ ಸುಳ್ಳು ಹೇಳಿರಲಿಲ್ಲ.

ಕೋಣೆ ಕತ್ತಲೆ ಮಾಡಿ ಕಣ್ಣಿನೊಳಗೆ ಬೆಳಕು ಬಿಟ್ಟರು.
ಎಡಗಣ್ಣಿನ ನರದ ಅಂಚು ನಾಣ್ಯದಷ್ಟು ಸ್ಪಷ್ಟ.
ಬಲಗಣ್ಣಿನಲ್ಲಿ ತುಸು ಮಸುಕು,
ಒಳಗೆ ಯಾರೋ ಉಸಿರಾಡಿದ ಕಿಟಕಿಯ ಗಾಜು.
ಬಹಳ ಹೊತ್ತು ನೋಡಿದರು. ಮತ್ತೊಬ್ಬರನ್ನು ಕರೆದು ತೋರಿಸಿದರು.
ಇಪ್ಪತ್ತು ವರ್ಷ ತಡೆದುಕೊಂಡ ಒಡ್ಡು
ಯಾವುದೋ ಒಂದು ವಸಂತಕ್ಕೆ ಜಿನುಗಲು ಶುರುಮಾಡುವುದುಂಟು.
ಇದನ್ನು ಹೇಳಿದ್ದು ನಾನು; ಅವರು ತಲೆದೂಗಿದರು.
ಶಸ್ತ್ರಚಿಕಿತ್ಸಕರು ಗುರುವಾರ ಬರುತ್ತಾರೆ.
ಒಳಕೋಣೆಯ ನೆಲದಲ್ಲಿ ಸಣ್ಣ ಕಿಂಡಿ ಕೊರೆದರೆ
ನೀರಿಗೆ ಇನ್ನೊಂದು ದಾರಿಯಾಗುತ್ತದೆ. ಬೇಕೋ ಬೇಡವೋ
ಅವರೇ ನೋಡಿ ಹೇಳಬೇಕು.

ರಾತ್ರಿ ವಾರ್ಡಿನಲ್ಲಿ ದಾರವನ್ನು ನಾನೇ ಸುತ್ತಿಕೊಂಡೆ.
ಕೊನೆಯ ಗಂಟು ಹದಿನೇಳನೆಯದು, ಅಜ್ಜಿ ಹೋದ ವರ್ಷದ್ದು.
ಸರಿಯಾಗಿ ಕೂಡಿತು.
ಮೂಳೆ ಬೆಳೆಯುವುದನ್ನು ಅಲ್ಲಿಗೇ ನಿಲ್ಲಿಸಿತ್ತು,
ನೀರಿಗೆ ಯಾರೂ ಹೇಳಿರಲಿಲ್ಲ.

ಅಣ್ಣನ ಫೋನು: ಎಂಟರ ಓದು ನೂರಾ ನಲವತ್ತೆರಡು,
ದಂಡೆಯಲ್ಲಿ ಮಂಜುಗಡ್ಡೆ ಬಿರಿಯುತ್ತಿದೆ.
'ಬಗ್ಗಿ ನೋಡಿದೆಯಾ?'
'ಮತ್ತೆ ಹೇಗೆ ನೋಡುತ್ತಾರೆ?'