ಗುಬ್ಬಿ ಕಾಲು

ಪುಣೆದ ಗಿರಾಕಿ ಪಟ್ಟಿ ಕಳಿಸ್ಯಾನ, ನಲವತ್ತೆರಡು ಕಲಮು.
ಒಂದೊಂದರ ಎದುರಿಗೆ ಎರಡೆರಡು ಮನಿ: ಅಸಲು, ಬದಲು.
ಮೂರನೇದು ಇಲ್ಲ.

ಕ್ಯಾಂಪಿನ ಬಂಗ್ಲೆ ಹಿಂದ, ಒಂದು ಕಾಲಕ್ಕ ಕುದುರಿ ಕಟ್ಟತಿದ್ದ ಲಾಯದಾಗ
ನಿಂತೈತಿ ಎಂ.ಜಿ., ಐವತ್ತೆರಡನೇ ಇಸ್ವಿದು,
ಎರಡ ಸೀಟು, ಬಾಚಣಿಗಿ ಹಲ್ಲಿನಂಥ ಜಾಲರಿ.
ಅವೆಲಿನ್ ಬಾಯಿ ಹೊದಿಕಿ ಎತ್ತಿದ್ರ
ಇಲಿ ಹಿಕ್ಕಿ, ಹಳೇ ಚರ್ಮ, ತಣ್ಣನ್ನ ಎಣ್ಣಿ ವಾಸನಿ.
"ದುಂಡಪ್ಪ, ಖರೇ ಅಷ್ಟ ಬರಿ," ಅಂದಳು,
"ಸುಳ್ಳು ನಮ್ಮ ಪಪ್ಪಾಗ ಸೇರತಿರಲಿಲ್ಲ."

ಮೊದಲ ಚಾಸಿ ನಂಬರು.
ಎಡಗಡೆ ಮುಂದಿನ ಕೊಂಬಿನ ಮ್ಯಾಲ ಬ್ಲೇಡ್ ಹಿಡಿದು ಬಣ್ಣ ಕೆರೆದೆ:
ಕೆಂಪು, ಅದರ ಕೆಳಗ ಹಸಿರು, ಮತ್ತ ಕೆಂಪು,
ಯಾರದೋ ಮದುವಿಗೆ ಬಳಿದ ಹಾಲುಬಿಳಿ,
ಕಟ್ಟಕಡೆಗೆ ಕಬ್ಬಿಣ ಕಣ್ಣು ಬಿಡ್ತು.
ಅಂಕಿ ಸೊಟ್ಟಗ ಕುಂತಾವ.
ಕೈಯಿಂದ ಹೊಡೆದವು ಹಂಗ ಇರತಾವ,
ನೆಟ್ಟಗಿದ್ರ ಸಂಶಯ ಪಡಬೇಕು.
ಅಸಲು.

ಎಂಜಿನ್ನಿನ ಹಿತ್ತಾಳಿ ಬಿಲ್ಲೆ, ಎಂಟು ಮೂಲಿ. ಅಸಲು.
ಜೋಡಿ ಕಾರ್ಬರೇಟರ್. ಅಸಲು,
ಒಳಗಿನ ಕಾರ್ಕ್ ವಾಶರು ಮಾತ್ರ ಒಣಗಿ ಚಕ್ಕಳ.
ರಾತ್ರಿ ಎಣ್ಣ್ಯಾಗ ನೆನಿ ಇಟ್ಟು ಬಂದೆ,
ಅವೆಲಿನ್ ಬಾಯಿ ಕಡ್ಲಿ ನೆನಿ ಇಟ್ಟ ಬಟ್ಟಲ ಬಾಜೂಕ.
ಬೆಳಿಗ್ಗೆ ಎರಡೂ ಉಬ್ಬಿದ್ದವು.

ಬಾಗಿಲ ಚೌಕಟ್ಟು ವಿಲಾಯ್ತಿ ಕಟ್ಟಿಗೀದು ಅಂತ ಪಟ್ಟಿ ಹೇಳತೈತಿ.
ಉಗುರಿನಿಂದ ಕೆರೆದು ಮೂಸಿ ನೋಡಿದೆ,
ಬಲಗಡೆದು ಖಾನಾಪುರದ ಸಾಗವಾನಿ.
ಬದಲು ಅಂತ ಬರಿಯೂ ಮುಂದ ಪೆನ್ನು ತುಸು ತಡೀತು.
ಗೆದ್ದಲ ಹತ್ತಿದ್ದು ಎಡಗಡೆ ಅಸಲಿಗೆ.

ಇನ್ನ ಬೋಲ್ಟು. ಇವು ವಿಚಿತ್ರ ಜಾತಿ,
ತಲಿಗೆ ಇಂಗ್ಲಿಷರ ಪಾನಾ ಹತ್ತತೈತಿ,
ಆಟೆ ಮಾತ್ರ ಫ್ರೆಂಚರ ಮಿಲಿಮೀಟರು.
ತಿಳೀದವ ಬಿಗಿದ್ರ ಎರಡೂ ಹಾಳು.
ಬೆಳಗಾವ್ಯಾಗ ಇದನ್ನ ಬಿಡಿಸಿ ಹೇಳೂದು ಬ್ಯಾಡ:
ಮನ್ಯಾಗೊಂದು ಮಾತು, ಓಣ್ಯಾಗೊಂದು,
ಲೇಥ್ ಮುಂದ ನಿಂತಾಗ ಬರೇ ಬೈಗುಳ.

ಮೂವತ್ತೇಳನೇ ಕಲಮು, ನೀರಿನ ಪಂಪು.
ಹನಿಯಾಕತ್ತಿತ್ತು, ಬಿಚ್ಚಿದೆ.
ಒಳಗಿನ ಪಂಖಾ ಬೀಡಿನದಿರಬೇಕಿತ್ತು,
ಒರೆಸಿದ್ರ ಗನ್‌ಮೆಟಲ್ಲಿನ ಹಳದಿ ಹೊಳಪು.
ಹೊಳ್ಳಿಸಿದೆ. ಬುಡದಾಗ ಅರದಿಂದ ಎಳೆದ ಮೂರು ಗೆರಿ.
ಗುಬ್ಬಿ ಕಾಲು.

ಬಾಬಾಲಾಲ ಮಿಸ್ತ್ರಿ!
ಉದ್ಯಮಬಾಗದ ತಗಡಿನ ಶೆಡ್ಡು, ಕಾಕಂಬಿ ಕಲಸಿದ ಉಸುಕು,
ಮಂಡಿಮಟ ಸುಟ್ಟ ಪ್ಯಾಂಟು ಹಾಕ್ಕೊಂಡ ನಾನು.
ಯಾವ ಸಾಮಾನಿನ ಜೋಡಿ ಎರೆದ್ರೂ
ಯಾರೂ ನೋಡದ ಕಡೆ ಗುಬ್ಬಿ ಕಾಲು ಎಳೀತಿದ್ದ ಆತ.
"ನಕಲಿಗೆ ಅಪ್ಪನ ಹೆಸರು ಬ್ಯಾಡೇನಲೇ?" ಅಂತಿದ್ದ.

ಬೆರಳಾಡಿಸಿದೆ. ರೆಕ್ಕಿ ಸಂದ್ಯಾಗ ಕಡ್ಲಿಯಷ್ಟು ಉಬ್ಬು.
ಅದೂ ನೆನಪೈತಿ.
ಹಸೀ ಅಚ್ಚಿನ ಮ್ಯಾಲ ನಾ ಕೈ ಊರಿದ್ದೆ.
ಕಪಾಳಕ್ಕೊಂದು ಬಿಗಿದು, ಬೆಂಕಿಯಂಥ ಲೋಹ ಸುರಿದು,
"ಇರಲಿ, ನೀರಾಗ ಇರೂದು," ಅಂದಿದ್ದ,
"ನೀರಿಗೆ ನಾಚಿಕಿ ಇಲ್ಲ."

ಅಲ್ಲೈತಿ ನೋಡ್ರಿ,
ಹದಿನಾಕು ವರ್ಷದ ನನ್ನ ಬೆರಳ ತುದಿ,
ಗನ್‌ಮೆಟಲ್ಲಿನಾಗ,
ನಾಕು ದಶಕ ನೀರು ತಿರುವಿಕೋತ.

ಪಂಖಾ ಗಟ್ಟಿ ಐತಿ. ಸವೆದದ್ದು ಸೀಲು.
ಹೊಸಾದು ಕೂಡಿಸಿ, ಎದುರುಬದುರು ಬೋಲ್ಟು ಬಿಗಿದು
ಪಟ್ಟಿ ಮುಂದ ಕುಂತೆ.
"ಬದಲು ಅಂದ್ರ ಎಂಟು ಸಾವಿರ ಮುರಕೋತಾನ ಆ ಮನಷ್ಯಾ,"
ಅಂದಳು ಅವೆಲಿನ್ ಬಾಯಿ, ಕನ್ನಡಕ ಒರೆಸಿಕೋತ.
ನಾ ಏನೂ ಅನ್ನಲಿಲ್ಲ.
ಪಂಪಿನ ಕಡೆ ನೋಡಿದಳು, ನನ್ನ ಬೆರಳು ನೋಡಿದಳು.
"ಬರಿ, ಬರಿ," ಅಂದಳು.

ಬದಲು, ಅಂತ ಬರೆದೆ.
ಬಾಜೂಕ ಸಣ್ಣಾಗಿ ಮೂರು ಗೆರಿ ಎಳೆದೆ,
ಪುಣೆದಾಂವ ಶಾಯಿ ಚೆಲ್ಲೇತಿ ಅಂದ್ಕೊಳ್ಳಲಿ.

ನಾಕನೇ ಸಲಕ್ಕ ಎಂಜಿನ್ ಹತ್ತಿತು.
ಲಾಯದ ಪಾರಿವಾಳ ಎಲ್ಲಾ ಎದ್ದು ಹೋದವು.
ಕೆಳಗ ಹಳೇ ಪೇಪರ್ ಹಾಸಿ ಕಾಯಕೋತ ಕುಂತೆ.
ಬಹಳ ಹೊತ್ತಿನ ಮ್ಯಾಲ ಒಂದ ಹನಿ ಬಿತ್ತು.
ನೀರೋ ಎಣ್ಣಿಯೋ ಅಂತ
ಬೆರಳಿಗೆ ಹಚ್ಚಿ ಮೂಗಿಗೆ ಹಿಡಿದೆ.