ದಂಡೆ ಅನ್ನುವ ಹೆಸರು

ಮೊದಲ ದಿನ ಫೋರ್‌ಮನ್ ಹೇಳಿದ್ದು:
“ಪ್ಲಾಯಾದ ಅಂಚಿಗೆ ಲಾರಿ ನಿಲ್ಲಿಸು.”
ಹಸಿಂತಾ ಗಾಜು ಇಳಿಸಿ ನೋಡಿದಳು.
ಪ್ಲಾಯಾ ಅಂದರೆ ಅವಳೂರಿನಲ್ಲಿ ಕಡಲದಂಡೆ,
ಭಾನುವಾರ, ಕೆಂಡದ ಮೇಲಿನ ಮೀನು,
ತಮ್ಮ ರೊಸೆಂದೊ ಕೊಡವುವ ಬಲೆ.
ಇಲ್ಲಿ, ನೆವಾಡಾದಲ್ಲಿ,
ಬಿರಿದ ಬಿಳಿ ಜೇಡಿ, ಇಪ್ಪತ್ತು ಮೈಲಿ,
ಒಂದು ಹುಲ್ಲುಕಡ್ಡಿಯ ನೆರಳಿಲ್ಲ.

“ಸಮುದ್ರ ಎಲ್ಲಿ?” ಅಂದಳು.
ಅವನಿಗೆ ಹಾಸ್ಯ ತಿಳಿಯಲಿಲ್ಲ.
ಅಪ್ಪ ಅನ್ನುತ್ತಿದ್ದ, ಇವನೂ ಅನ್ನುತ್ತಾನೆ.

ರಾತ್ರಿ ಫೋನಿನಲ್ಲಿ ರೊಸೆಂದೊ:
“ಎಲ್ಲಿದ್ದೀ ಅಕ್ಕಾ?”
“ಪ್ಲಾಯಾದಲ್ಲಿ.”
“ಓಹೋ, ನೀರು ಬೆಚ್ಚಗಿದೆಯಾ?”
“ನೀರು ನಾನೇ ತರುತ್ತೇನೆ, ನಾಲ್ಕು ಸಾವಿರ ಗ್ಯಾಲನ್.
ಗಣಿದಾರಿಯ ಧೂಳು ಏಳದ ಹಾಗೆ ಚೆಲ್ಲುತ್ತೇನೆ.
ಊಟದ ಹೊತ್ತಿಗೆ ಅದೂ ಇಲ್ಲ.”

ಯಾರಿಟ್ಟರೋ.
ಹೇಸರಗತ್ತೆ ಏರಿ ಬಂದ ಯಾವನೋ,
ಅವಳ ನುಡಿಯವನೇ, ತುಟಿ ಒಡೆದವನು,
ದೂರದ ಹೊಳಪನ್ನು ನೀರೆಂದು ನಂಬಿ
ಓಡಿಸಿ ಬಂದು ಇಳಿದಿರಬೇಕು.
ಕಡಲು ಸಿಗಲಿಲ್ಲ; ಕಾಲಿಗೆ ಸಿಕ್ಕಷ್ಟಕ್ಕೆ
ಹೆಸರಿಟ್ಟ. ಸುಳ್ಳಾಡಲಿಲ್ಲ, ಪಾಪ.
ಅವನು ಹೋದ. ಪದ ಉಳಿಯಿತು,
ಇಂಗ್ಲಿಷಿನ ಬಾಯಿಗೆ ಬಿದ್ದು
ತೆರೆಯ ಸದ್ದು ಮರೆತು.

ಅವನಿಗಿಂತ ಮುಂಚಿನವರು?
ಪೆಟ್ರೋಲ್ ಬಂಕಿನ ಲವೀನಾ, ಪೈಯೂಟ್ ಹೆಂಗಸು,
ಕೇಳಿದಾಗ ಒಂದು ಪದ ಅಂದಳು, ಮೆಲ್ಲಗೆ.
“ಬರೆದುಕೊಡು” ಅಂದರೆ
ಚಿಲ್ಲರೆ ಎಣಿಸುತ್ತ ತಲೆಯಾಡಿಸಿದಳು.
ಲಾರಿ ಹತ್ತುವಷ್ಟರಲ್ಲಿ
ಹಸಿಂತಾಗೆ ಅದು ಮರೆತಿತ್ತು.

ಆಗಸ್ಟಿನಲ್ಲಿ ಒಂದು ರಾತ್ರಿ ಮಳೆ.
ಬೆಳಿಗ್ಗೆ ಅವಳಿಗೆ ಕೆಲಸವಿಲ್ಲ.
ಎರಡು ಬೆರಳಿನಷ್ಟು ನೀರು,
ಆಕಾಶ ಪೂರ್ತಿ ಹಿಡಿಸಿದೆ ಅದರಲ್ಲಿ;
ಗಾಳಿ ಬೀಸಿದರೆ ಇಡೀ ಕೆರೆ ಎದ್ದು
ಪೂರ್ವಕ್ಕೆ ಸರಿಯುತ್ತದೆ,
ಯಾರೋ ಚಾಪೆ ಎಳೆದ ಹಾಗೆ.
ದಂಡೆಯೂ ಜೊತೆಗೇ ನಡೆಯುತ್ತದೆ.

ಹತ್ತನೇ ದಿನ ಬೂಟು ಕಳಚಿ ಇಳಿದಳು.
ಬೊಗಸೆಯಲ್ಲಿ ಏನೋ ಮಿಸುಕಿತು.
ಸೀಗಡಿ!
ಉಗುರಿನಷ್ಟು, ಗಾಜಿನಂತೆ,
ಬೆನ್ನು ಕೆಳಗೆ ಮಾಡಿ ಈಜುತ್ತಿದೆ.
ಎಷ್ಟು ಬೇಸಗೆ ಒಣತತ್ತಿಯಾಗಿ ಬಿದ್ದಿತ್ತೋ
ಈ ಜೇಡಿಯೊಳಗೆ,
ಅವಳ ಲಾರಿಯ ಗಾಲಿಯ ಅಡಿಯಲ್ಲಿ,
ಅವಳು ನಗುತ್ತಿದ್ದಾಗ.

ಫೋಟೊ ಕಳಿಸಿದಳು.
ತುಂಬ ಹೊತ್ತು ಉತ್ತರವಿಲ್ಲ.
ಆಮೇಲೆ, ಮೂವತ್ತು ವರ್ಷ ಸೀಗಡಿ ಹಿಡಿದವನ
ಗಂಭೀರ ಸಲಹೆ:
“ನಮ್ಮ ಬಲೆ ಆಗೋದಿಲ್ಲ ಅಕ್ಕಾ.
ಸೊಳ್ಳೆಪರದೆ ನೋಡು.”